ಗುಂಡಕ್ಕನ ಹಾಸು

ನಮ್ಮೂರಿನಲ್ಲಿ ಹೊಸದಾಗಿ ಮದುವೆಯಾದ ಮನೆಯ ಮುಂದೆ ಹಾದುಹೋಗುವವರು ಊಟ ಆಯಿತಾ ಎಂದು ಕೇಳುವುದಿಲ್ಲ, ಪೊರೆ ಬಂತಾ ಎಂದು ಕೇಳುತ್ತಾರೆ. ಹಾಲಿನವನು ಕೇಳುತ್ತಾನೆ, ಇಸ್ತ್ರಿಯವನು ಕೇಳುತ್ತಾನೆ, ಬ್ಯಾಂಕಿನ ಕಿಟಕಿಯ ಹಿಂದೆ ಕೂತ ಹುಡುಗಿಯೂ ಕೇಳುತ್ತಾಳೆ. ನನ್ನ ಮಗ ಯತೀಶನ ಮದುವೆಯಾದ ಮೇಲೆ ಈ ಮಾತು ಕೇಳಿ ಕೇಳಿ ನನಗೆ ಎಷ್ಟು ರೇಗಿಹೋಯಿತೆಂದರೆ, ಒಂದು ದಿನ ಸೊಪ್ಪಿನವಳಿಗೆ "ನಿನ್ನ ಗಂಡನಿಗೆ ಬಂತಾ?" ಎಂದುಬಿಟ್ಟೆ. ಆಮೇಲೆ ಎಷ್ಟೋ ದಿನ ಅವಳು ನಮ್ಮ ಬೀದಿಗೆ ಸೊಪ್ಪು ತರಲಿಲ್ಲ.

ನಮ್ಮಲ್ಲಿ ಹೆಣ್ಣುಮಗು ಹುಟ್ಟಿದ ಮನೆಗೆ ಒಂದು ಹಾವಿನ ಮರಿ ಬರುತ್ತದೆ. ನಾಮಕರಣದ ದಿನ ತೊಟ್ಟಿಲ ಕೆಳಗೆ ಇರುತ್ತದೆ, ಅಷ್ಟೆ. ವಿಷವಿಲ್ಲದ, ಮಣ್ಣಿನ ಬಣ್ಣದ, ಯಾರ ತಂಟೆಗೂ ಹೋಗದ ಮನೆಹಾವು. ಹುಡುಗಿಯ ಜೊತೆಗೇ ಬೆಳೆದು, ಅವಳಿಗೆ ಮದುವೆಯಾದಾಗ ಬೆತ್ತದ ಬುಟ್ಟಿಯಲ್ಲಿ ಕೂತು ಗಂಡನ ಮನೆಗೆ ಬರುತ್ತದೆ. ಗಂಡನ ಮನೆಯವರು ಗಾಜಿನ ಬಾಗಿಲಿನ ಪೆಟ್ಟಿಗೆ ಮಾಡಿಸಿ, ಒಳಗೆ ಹಾಸು ಹಾಸಿ ಇಟ್ಟಿರಬೇಕು. ಆ ಹಾಸಿನ ಮೇಲೆ ಹಾವು ಮೊದಲ ಸಲ ಪೊರೆ ಬಿಡುವವರೆಗೂ ಹುಡುಗಿ ಆ ಮನೆಯಲ್ಲಿ ಬರೀ ನೆಂಟಳು. ಒಲೆ ಮುಟ್ಟುವ ಹಾಗಿಲ್ಲ, ಗಂಡನ ಕೋಣೆಯಲ್ಲಿ ಮಲಗುವ ಹಾಗಿಲ್ಲ. ಪೊರೆ ತುಟಿಯಿಂದ ಬಾಲದ ತುದಿಯವರೆಗೆ ಇಡಿಯಾಗಿ ಬಂದರೆ ಅವಳು ಸೊಸೆ. ಹರಿದು ಚೂರಾಗಿ ಬಂದರೆ ಬುಟ್ಟಿ ಎತ್ತಿಕೊಂಡು ತವರಿಗೆ ಹೋಗುತ್ತಾಳೆ. ಇನ್ನೊಂದು ಮಾತು: ಹಾಸಿನ ಬಗ್ಗೆ ಹುಡುಗಿಯಾಗಲಿ ಅವಳ ತವರಿನವರಾಗಲಿ ತುಟಿಪಿಟಕ್ಕೆನ್ನುವ ಹಾಗಿಲ್ಲ. ಹೇಳಿಕೊಟ್ಟ ಹಾಸಿನ ಮೇಲೆ ಬಂದ ಪೊರೆ ಲೆಕ್ಕಕ್ಕಿಲ್ಲ. ಅದಕ್ಕೇ ಹಾಸು ಹಾಸುವಾಗ, ಹಾವು ಬಿಡುವಾಗ, ಪೊರೆ ನೋಡುವಾಗ ಅವಳನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಾರೆ.

ನನ್ನ ಯಜಮಾನರು ಓಂಕಾರಯ್ಯನವರದು ಮರ ಕೊಯ್ಯುವ ಮಿಲ್ಲು. ಊರಿನ ಅರ್ಧಕ್ಕರ್ಧ ಬಾಗಿಲು ಕಿಟಕಿಗಳು ಅಲ್ಲಿಂದಲೇ ಹೋದವು. ಮದುವೆ ಗೊತ್ತಾದ ದಿನದಿಂದ ಅವರಿಗೆ ಛತ್ರದ ಚಿಂತೆಯಿಲ್ಲ, ಅಡುಗೆಯವರ ಚಿಂತೆಯಿಲ್ಲ, ಹಾಸಿನದೊಂದೇ ಧ್ಯಾನ. ದೇವದಾರು ಮರದ ದಿಮ್ಮಿ ತರಿಸಿ, ಉಜ್ಜುಗೊರಡಿನಲ್ಲಿ ಹೆರೆಸಿ, ಸುರುಳಿ ಸುರುಳಿಯಾಗಿ ಬಿದ್ದ ಸಿಪ್ಪೆಯನ್ನು ಪೆಟ್ಟಿಗೆಯೊಳಗೆ ಗೇಣು ಎತ್ತರಕ್ಕೆ ತುಂಬಿದರು. ಘಮಘಮ ವಾಸನೆ ಪಕ್ಕದ ಬೀದಿಗೂ ಹೋಯಿತು. ನೋಡಲು ಬಂದವರು ಮೂಗು ಅರಳಿಸಿಕೊಂಡು ನಿಂತರು. ಯಜಮಾನರು ಪೆಟ್ಟಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಗಾಜಿನ ಬಾಗಿಲು ತೆರೆದು ತೋರಿಸಿದರು.

"ಮೂಸಿ ನೋಡಿ, ಮೂಸಿ. ಹಾಸು ಅಂದ್ರೆ ಇದು. ಉಳಿದೋರ ಮನೇಲಿ ಹಾಸೋದೆಲ್ಲ ಕಸ."

ಯತೀಶನ ಹೆಂಡತಿ ತ್ರಿವೇಣಿ ಬುಟ್ಟಿ ಹಿಡಿದು ಹೊಸ್ತಿಲು ದಾಟಿದಳು. ಅವಳ ಹಾವಿನ ಹೆಸರು ಗುಂಡಕ್ಕ, ಚಿಕ್ಕಂದಿನಲ್ಲೇ ದುಂಡಗಿತ್ತಂತೆ. ಯಜಮಾನರು ಗುಂಡಕ್ಕನನ್ನು ಎರಡೂ ಕೈಯಲ್ಲಿ ಎತ್ತಿ ದೇವದಾರು ಸಿಪ್ಪೆಯ ಮೇಲೆ ಬಿಟ್ಟರು. ಅದು ತಲೆ ಮೇಲೆತ್ತಿತು. ಒಂದು ಸಲ ನಾಲಗೆ ಚಾಚಿ ಒಳಗೆಳೆದುಕೊಂಡಿತು. ಆಮೇಲೆ ಗಾಜಿನ ಅಂಚಿಗೆ ಮೂತಿ ಒತ್ತಿಕೊಂಡು ಸುತ್ತತೊಡಗಿತು, ನಿಲ್ಲಲೇ ಇಲ್ಲ.

"ನೋಡಿದ್ರಾ, ಪ್ರದಕ್ಷಿಣೆ ಹಾಕ್ತಿದೆ!" ಎಂದರು ಯಜಮಾನರು.

ನೆರೆದವರೆಲ್ಲ ಕೈಮುಗಿದರು. ನಾನು ಮಾತ್ರ ತ್ರಿವೇಣಿಯ ಕಡೆ ನೋಡುತ್ತಿದ್ದೆ. ಗೋಡೆಯ ಕಡೆ ತಿರುಗಿ ನಿಂತಿದ್ದ ಹುಡುಗಿಯ ಭುಜಗಳೆರಡೂ ಕಿವಿಯವರೆಗೆ ಏರಿ ಅಲ್ಲೇ ನಿಂತಿದ್ದವು.

ನನಗೆ ಹೆಣ್ಣುಮಕ್ಕಳಿಲ್ಲ. ಇರುವ ಒಬ್ಬ ಮಗ ಯತೀಶ, ಒಳ್ಳೆಯ ಹುಡುಗ, ಆದರೆ ಅವನಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ಬೀಗ ತೆಗೆದ ಹಾಗೆ. ಯಜಮಾನರು ಮಾತಾಡುತ್ತಾರೆ, ಆದರೆ ಮರದ ಬಗ್ಗೆ. ತ್ರಿವೇಣಿ ಬಂದ ಮೇಲೆ ನಮ್ಮ ಮನೆಯಲ್ಲಿ ಮಧ್ಯಾಹ್ನಗಳು ಶುರುವಾದವು ಎನ್ನಬೇಕು. ನೆಂಟಳಾದ್ದರಿಂದ ಅವಳಿಗೆ ಕೆಲಸವಿಲ್ಲ. ನಾವಿಬ್ಬರೂ ನಡುಮನೆಯಲ್ಲಿ ಚೌಕಾಬಾರ ಹಾಕಿಕೊಂಡು ಕೂರುತ್ತಿದ್ದೆವು. ನಾನು ಕವಡೆಯಲ್ಲಿ ಮೋಸ ಮಾಡಿದರೆ ಅವಳು ನನ್ನ ಕೈ ಹಿಡಿದು "ಅತ್ತೆ, ಅದು ಮೂರು, ನಾಲ್ಕಲ್ಲ" ಎಂದು ನಗುತ್ತಿದ್ದಳು. ನನ್ನ ಕೈ ಹಿಡಿದು ಯಾರಾದರೂ ನಕ್ಕು ಯಾವ ಕಾಲವಾಗಿತ್ತೋ. ಅವಳು ಬುಟ್ಟಿ ಎತ್ತಿಬಿಟ್ಟರೆ ನಾನು ಸತ್ತೇಹೋಗುತ್ತೇನೆ ಅಂತೇನಲ್ಲ. ಆದರೆ ಮತ್ತೆ ಮೊದಲಿನ ಹಾಗೆ ಬದುಕುವುದು ನನಗೆ ಬೇಡವಾಗಿತ್ತು.

ಅಂಥ ಒಂದು ಮಧ್ಯಾಹ್ನ ಪೆಟ್ಟಿಗೆಯೊಳಗಿಂದ 'ಪ್ಸ್' ಎಂದು ಸದ್ದು ಬಂತು. ಎದ್ದು ಹೋಗಿ ನೋಡಿದೆ. ಗುಂಡಕ್ಕ ಬಾಯಿ ಅರ್ಧ ತೆರೆದುಕೊಂಡು ಉಸಿರಾಡುತ್ತಿತ್ತು. ಮೂಗಿನ ಹೊಳ್ಳೆಯಲ್ಲಿ ಸಣ್ಣದೊಂದು ಗುಳ್ಳೆ. ಇನ್ನೊಂದು ಸಲ 'ಪ್ಸ್' ಎಂದಿತು, ಗುಳ್ಳೆ ಒಡೆಯಿತು. ಹಾವು ಸೀನುತ್ತಿತ್ತು. ವಾಪಸು ಬಂದು ತ್ರಿವೇಣಿಯ ಎದುರು ಕೂತೆ.

"ತ್ರಿವೇಣಿ, ನೀನೇನೂ ಹೇಳ್ಬೇಡ. ಹಾಸು ಸರಿಯಿಲ್ಲ ಅಂದ್ರೆ ಸುಮ್ನೆ ಒಂದು ಸಲ ಕೆಮ್ಮಿಬಿಡು."

ಅವಳು ಕವಡೆಗಳನ್ನು ಅಂಗೈಯಲ್ಲಿ ಕುಲುಕಿದಳು. ಮುಖದಲ್ಲಿ ಏನೆಂದರೆ ಏನೂ ಇಲ್ಲ. "ಈ ಸಲ ಹುರುಳಿಕಾಯಿ ತುಂಬ ಎಳಸಾಗಿದೆ ಅಲ್ವಾ ಅತ್ತೆ?" ಎಂದಳು.

ಅವಳ ತಾಯಿ ಚೆನ್ನಾಗಿಯೇ ತರಬೇತಿ ಕೊಟ್ಟಿದ್ದಳು. ನಾನು ಮತ್ತೂ ಪೀಡಿಸಿದೆ. ಕೆಮ್ಮುವುದು ಬೇಡ, ಕಣ್ಣು ಮಿಟುಕಿಸು ಎಂದೆ. ಅವಳು ಕಣ್ಣು ಮಿಟುಕಿಸದೆ ಎಷ್ಟು ಹೊತ್ತು ಕೂತಳೆಂದರೆ ಕಣ್ಣಲ್ಲಿ ನೀರು ಬಂತು. ಪಾಪ ಎನಿಸಿ ಬಿಟ್ಟುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ರೀ, ಆ ವಾಸನೆ ಹಾವಿಗೆ ಆಗ್ತಿಲ್ಲ. ಸೀನ್ತಿದೆ."

"ಹಾವು ಸೀನುತ್ತೇನೇ? ನಿನ್ನ ತಲೆ. ದೇವದಾರು ಅಂದ್ರೆ ಏನು ಅನ್ಕೊಂಡಿದ್ದೀಯ? ಬೀರುವಿನಲ್ಲಿಟ್ರೆ ನುಸಿ ಬರಲ್ಲ, ಗೆದ್ದಲು ಬರಲ್ಲ, ಒಂದು ಹುಳ ಹತ್ರ ಸುಳಿಯಲ್ಲ."

"ಹುಳ ಸಾಯೋ ಜಾಗದಲ್ಲಿ ಹಾವು ಸುಖವಾಗಿರುತ್ತಾ? ಅದು ದಿನವಿಡೀ ಮೂಗು ಹುದುಗಿಸಿಕೊಂಡು ಮಲಗ್ಬೇಕು ಅದರಲ್ಲಿ."

"ಮಲಗಲಿ. ನಾನಾಗಿದ್ರೆ ಆನಂದವಾಗಿ ಮಲಗ್ತಿದ್ದೆ."

ಹೇಳಬಾರದಿತ್ತು ಅವರು. ಮರುದಿನ ಅವರು ಮಿಲ್ಲಿಗೆ ಹೋದ ಮೇಲೆ, ಅವರು ಮಧ್ಯಾಹ್ನ ಒರಗುವ ಮಂಚದ ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯೆಲ್ಲ ತೆಗೆದು, ದೇವದಾರು ಸಿಪ್ಪೆ ತುಂಬಿ ಮತ್ತೆ ಹೊಲಿದೆ. ದಿಂಬಿಗೂ ತುಂಬಿದೆ. ಊಟ ಮಾಡಿ ಬಂದವರು ಮಲಗಿದ ಕೂಡಲೇ ಗೊತ್ತಾಯಿತು ಅವರಿಗೆ. ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಓಂಕಾರಯ್ಯನವರು ಸೋಲುವವರಲ್ಲ. "ಆಹಾ" ಎಂದು ಕಣ್ಣು ಮುಚ್ಚಿದರು.

ಆ ವಾರವೆಲ್ಲ ಅವರು ಅದರ ಮೇಲೇ ಮಲಗಿದರು. ಕಣ್ಣು ಕೆಂಡದಂತಾದವು, ಮೂಗು ಟೊಮೆಟೊ ಹಣ್ಣಾಯಿತು. ಮಿಲ್ಲಿನಲ್ಲಿ ಕೆಲಸದವರು ನೆಗಡಿಯಾ ಎಂದು ಕೇಳಿದರೆ, ಅಲ್ಲ, ಸಂತೋಷ ಎಂದರಂತೆ. ಕೊನೆಗೊಂದು ಮಧ್ಯಾಹ್ನ ಮಂಚದ ಮೇಲೆ ಅವರು ಸೀನಿದರು. ಅದರ ಬೆನ್ನಿಗೇ ಪೆಟ್ಟಿಗೆಯೊಳಗೆ ಗುಂಡಕ್ಕ ಸೀನಿತು. ಅವರು ಮತ್ತೆ ಸೀನಿದರು, ಗುಂಡಕ್ಕನೂ ಮತ್ತೆ ಸೀನಿತು. ಯಜಮಾನರು ಎದ್ದು ಕೂತು ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಮೊರ ತಂದು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೇವದಾರು ಸಿಪ್ಪೆಯನ್ನೆಲ್ಲ ಕೈಯಾರೆ ಬಾಚಿ ತೆಗೆದರು. ತ್ರಿವೇಣಿ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಬೆನ್ನು ನಗುತ್ತಿತ್ತು, ಬೆನ್ನು ನಗುವುದನ್ನು ನಾನು ಅವತ್ತೇ ನೋಡಿದ್ದು.

ಸರಿ, ಈಗ ಏನು ಹಾಸುವುದು? ನನ್ನ ಹಾವು ಹೋಗಿ ಎಷ್ಟೋ ವರ್ಷವಾಗಿತ್ತು, ಅದಕ್ಕೇನು ಹಾಸಿದ್ದರೋ ನೆನಪಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ನಾದಿನಿ ಸರ್ವಮಂಗಳ ಬಂದಳು. ಅವಳಿಗೆ ಯಾವ ಮನೆಯಲ್ಲಿ ಏನು ಕೆಟ್ಟಿದೆ ಎನ್ನುವುದು ಗಾಳಿಯಲ್ಲೇ ತಿಳಿಯುತ್ತದೆ. ಅವಳ ಮಗನಿಗೆ ಮದುವೆಯಾಗಿ ಹೆಂಡತಿ ಬುಟ್ಟಿ ಎತ್ತಿ ಹೋಗಿದ್ದಳು. ಆದರೆ ಸರ್ವಮಂಗಳನ ಪ್ರಕಾರ ಅದರಲ್ಲಿ ಹಾಸಿನ ತಪ್ಪೇನಿಲ್ಲ, ಆ ಹಾವಿಗೇ ಸೊಕ್ಕು.

"ಅಣ್ಣ, ಮರಳು ಹಾಕಿ. ನದಿ ಮರಳು, ಬೆಳ್ಳಗೆ, ಸಕ್ಕರೆ ಥರ. ನಮ್ಮನೇಲಿ ಹಾಕಿದ್ದು ಇನ್ನೂ ಹಾಗೇ ಇದೆ, ಕಳಿಸಿಕೊಡ್ತೀನಿ. ನೋಡೋಕೆ ಎಷ್ಟು ಲಕ್ಷಣ ಗೊತ್ತಾ?"

ಲಕ್ಷಣವಾಗಿಯೇ ಇತ್ತು. ಯಜಮಾನರು ಅದರ ಮೇಲೆ ಬೆರಳಿನಿಂದ ರಂಗೋಲಿ ಎಳೆದರು ಕೂಡ. ಗುಂಡಕ್ಕ ಸೀನುವುದು ನಿಂತಿತು, ನಾವೆಲ್ಲ ಉಸಿರು ಬಿಟ್ಟೆವು. ಆದರೆ ಊಟಕ್ಕೆಂದು ಇಲಿಮರಿ ಹಾಕಿದಾಗ ಗುಂಡಕ್ಕ ಅದನ್ನು ಮರಳಿನಲ್ಲಿ ಹೊರಳಾಡಿಸಿ, ರವೆಯಲ್ಲಿ ಅದ್ದಿದ ಹಾಗೆ ಮಾಡಿಕೊಂಡು ನುಂಗಿತು. ಹೊಟ್ಟೆಯೊಳಗೆ ಮರಳು ಹೋಗಿ ಕೂತರೆ ಗತಿಯೇನು? ತುಟಿಯ ಸಂದಿಯಲ್ಲೆಲ್ಲ ಮರಳಿನ ಕಾಳು. ಪಾಪದ್ದು, ಮೂತಿಯನ್ನು ಗಾಜಿಗೆ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡಿತು. ನಾನು ಒದ್ದೆ ಹತ್ತಿಯಿಂದ ಒಂದೊಂದೇ ಕಾಳು ಒರೆಸಿ ತೆಗೆದೆ. ಪಕ್ಕದಲ್ಲಿ ಕೂತಿದ್ದ ತ್ರಿವೇಣಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು. ಹೊಸ ರೇಷ್ಮೆ ಸೀರೆಯ ಸೆರಗು, ತೂತೇ ಬಿದ್ದುಹೋಯಿತು.

ಅದರ ಮೇಲೆ ಮರಳು ಗುಂಡಕ್ಕನ ಮೈಯ ಪಸೆಯನ್ನೆಲ್ಲ ಹೀರಿಬಿಟ್ಟಿತು. ಚರ್ಮ ಬೂದಿ ಬಳಿದ ಹಾಗೆ ಮಂಕಾಯಿತು. ಒಂದು ಬೆಳಿಗ್ಗೆ ನೋಡಿದರೆ ಕಣ್ಣೆರಡೂ ನೀರು ಬೆರೆಸಿದ ಹಾಲಿನಂತಾಗಿದ್ದವು. ನಮ್ಮಲ್ಲಿ ಇದಕ್ಕೆ ಹಾಲುಗಣ್ಣು ಎನ್ನುತ್ತಾರೆ. ಹಾಲುಗಣ್ಣು ಬಿತ್ತೆಂದರೆ ಪೊರೆ ಬರಲು ಇನ್ನು ಹೆಚ್ಚು ದಿನವಿಲ್ಲ. ಮೈಯಲ್ಲಿ ಪಸೆಯಿಲ್ಲದೆ ಪೊರೆ ಬಿಟ್ಟರೆ ಅದು ಚೂರುಚೂರೇ. ಯತೀಶ ಪೆಟ್ಟಿಗೆಯ ಮುಂದೆ ನಿಂತು ನೋಡಿದ, ತ್ರಿವೇಣಿಯ ಕಡೆ ನೋಡಿದ, ಹೊರಗೆ ಹೋಗಿ ಸೈಕಲ್ಲು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸುತ್ತಿದ್ದ. ಮಗನ ಮನಸ್ಸು ನನಗೆ ಗೊತ್ತಾಗುತ್ತದೆ. ನನಗೆ ಅಳು ಬಂತು.

ಹಾವನ್ನು ಆಗಾಗ ಬಿಸಿಲಿಗೆ ಬಿಡುವುದು ಅತ್ತೆಯ ಕೆಲಸ. ಅವತ್ತು ಗುಂಡಕ್ಕನನ್ನು ಹಿತ್ತಿಲಿಗೆ ಒಯ್ದು ನೆಲದ ಮೇಲೆ ಬಿಟ್ಟೆ. ಕಣ್ಣು ಕಾಣದ ಸ್ಥಿತಿಯಲ್ಲೂ ಅದು ನಾಲಗೆ ಚಾಚಿಕೊಂಡು ನೆಟ್ಟಗೆ ಹೊರಟಿತು. ಬಟ್ಟೆ ಒಗೆಯುವ ಕಲ್ಲು ದಾಟಿತು, ತುಳಸಿಕಟ್ಟೆ ಬಳಸಿತು, ಹಲಸಿನ ಮರದ ಬುಡಕ್ಕೆ ಹೋಗಿ ತರಗೆಲೆಯ ರಾಶಿಯೊಳಗೆ ನುಗ್ಗಿಬಿಟ್ಟಿತು. ಬಚ್ಚಲೊಲೆಗೆಂದು ತೆಂಗಿನ ಸಿಪ್ಪೆ ಬಡಿದು ಹಾಕುವುದೂ ಅಲ್ಲೇ. ವರ್ಷಗಟ್ಟಲೆ ಉದುರಿದ ನಾರಿನ ಪುಡಿ, ಮಣ್ಣು, ಎಲೆ ಎಲ್ಲ ಬೆರೆತು ಅಲ್ಲಿ ಮೆತ್ತಗಿತ್ತು. ಗುಂಡಕ್ಕನನ್ನು ಹುಡುಕಲು ನಾನು ಮೊಣಕೈವರೆಗೆ ಕೈ ಹಾಕಿದೆ. ಮೇಲೆ ಒಣಗಿತ್ತು, ಕೆಳಗೆ ತಣ್ಣಗೆ, ಹಿಂಡಿದರೂ ಹನಿ ಬೀಳದಷ್ಟು ತೇವ. ಒಂದು ಹಿಡಿ ಎತ್ತಿ ಮೂಸಿದೆ. ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಮೂಗಿಗೆ ಏರಲಿಲ್ಲ, ಕೈಗೆ ಚುಚ್ಚಲಿಲ್ಲ. ಇಷ್ಟು ದಿನ ನಾವು ಹಾಸನ್ನು ಬರುವ ಹೋಗುವ ಜನರ ಮೂಗಿಗೆ, ಜನರ ಕಣ್ಣಿಗೆ ಹಾಸುತ್ತಿದ್ದೆವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಯಜಮಾನರನ್ನು ಮಿಲ್ಲಿನಿಂದ ಕರೆಸಿದೆ. ರಾಶಿಯ ಮುಂದೆ ನಿಲ್ಲಿಸಿ "ಇದನ್ನ ಹಾಸಿ" ಎಂದೆ.

"ಇದು ಕಸ ಕಣೇ! ಓಂಕಾರಯ್ಯನ ಮನೇಲಿ ಹಿತ್ತಲ ಕಸ ಹಾಸಿದ್ರು ಅಂತ ಊರೆಲ್ಲ ಆಡ್ಕೊಂಡು ನಗಲ್ವಾ?"

"ನಗಲಿ. ಸೊಸೆ ಹೋದ್ಮೇಲೆ ಅಳೋದಕ್ಕಿಂತ ಈಗ ನಗಿಸ್ಕೊಳೋದು ವಾಸಿ. ಕೈ ಹಾಕಿ ನೋಡಿ."

ಕೈ ಹಾಕಿದರು. ಗೊಣಗಿದರು. ಆದರೆ ಮೂಗಿನ ಕೆಂಪು ಇನ್ನೂ ಹೋಗಿರಲಿಲ್ಲವಲ್ಲ, ಜಾಸ್ತಿ ಹಟ ಮಾಡಲಿಲ್ಲ. ಅವತ್ತು ಮನೆಮಂದಿಯೆಲ್ಲ ಹಿತ್ತಿಲಿನಲ್ಲೇ. ಯತೀಶ ಮಣ್ಣು ಜರಡಿ ಹಿಡಿದು ಕಲ್ಲು ಮುಳ್ಳು ತೆಗೆದ. ನಾನು ನಾರಿನ ಪುಡಿಯನ್ನು ಚಾಪೆಯ ಮೇಲೆ ಹರಡಿ, ಇರುವೆ, ಉಣ್ಣಿ ಎಲ್ಲ ಓಡಿಹೋಗುವ ಹಾಗೆ ಸುಡು ಬಿಸಿಲಿಗೆ ಹಾಕಿದೆ. ಎಲೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಒಣಗಿಸಿದೆ. ಬಾವಿಕಟ್ಟೆಯ ಪಾಚಿಯನ್ನು ಒಂದು ಮೂಲೆಗೆ ಒದ್ದೆಯಾಗಿ ಇಟ್ಟೆವು. ಯಜಮಾನರು ಕೈಯಾರೆ ಹಾಸಿದರು. ಗುಂಡಕ್ಕನನ್ನು ಬಿಟ್ಟದ್ದೇ ತಡ, ಸರಕ್ಕನೆ ಎಲೆಯ ಕೆಳಗೆ ಹೋಗಿ ಮಾಯವಾಯಿತು. ಗೋಡೆಯ ಕಡೆ ತಿರುಗಿದ್ದ ತ್ರಿವೇಣಿಯ ಭುಜಗಳು, ಮದುವೆಯಾದಾಗಿನಿಂದ ಮೊದಲ ಸಲ, ಇಳಿದವು.

ಯಜಮಾನರಿಗೆ ಮಾತ್ರ ಸಮಾಧಾನವಿಲ್ಲ. "ಹಾವೂ ಕಾಣಲ್ಲ, ವಾಸನೇನೂ ಇಲ್ಲ. ಬಂದೋರಿಗೆ ಏನು ತೋರಿಸೋದು?" ಎಂದು ಪೆಟ್ಟಿಗೆಯ ಸುತ್ತ ಸುಳಿದಾಡುತ್ತಿದ್ದರು.

ಮೂರನೆಯ ಬೆಳಿಗ್ಗೆ ಪೊರೆ ಬಂತು. ಸುದ್ದಿ ಹೇಗೆ ಹೋಯಿತೋ, ಕಾಫಿ ಕುಡಿಯುವಷ್ಟರಲ್ಲಿ ನಡುಮನೆ ತುಂಬ ಜನ. ಸರ್ವಮಂಗಳ ಮುಂದಿನ ಸಾಲಿನಲ್ಲೇ ಕೂತಳು. ಪೊರೆ ನೋಡಿ ಹೇಳುವುದು ಹಾಲಜ್ಜಿ. ಊರಿನಲ್ಲಿ ಎಲ್ಲರ ಮದುವೆಯೂ ಆ ಮುದುಕಿಯ ಬೆರಳ ತುದಿಯಲ್ಲಿ ಹಾದುಬಂದದ್ದೇ, ನನ್ನದೂ ಕೂಡ. ಅಜ್ಜಿ ಒದ್ದೆ ಬಿಳಿ ಬಟ್ಟೆಯ ಮೇಲೆ ಪೊರೆಯನ್ನು ಬಿಡಿಸುತ್ತಾ ಹೋದಳು.

"ತುಟಿ ಬಂದಿದೆ. ಎಡಗಣ್ಣು ಬಂದಿದೆ. ಬಲಗಣ್ಣೂ ಬಂದಿದೆ. ಹೊಟ್ಟೆ ಪಟ್ಟೆ, ಪರವಾಗಿಲ್ಲ, ಎಲ್ಲೂ ಹರಿದಿಲ್ಲ." ಯಜಮಾನರು ಮೀಸೆ ಸವರಿದರು. ಹಾಲಜ್ಜಿಯ ಬೆರಳು ಕೊನೆಗೆ ಬಂದು ನಿಂತಿತು. "ಬಾಲದ ತುದಿ ಇಲ್ಲ."

ಒಂದು ಬೆರಳಿನಷ್ಟು ಪೊರೆ ಇರಲಿಲ್ಲ. ಗುಂಡಕ್ಕನನ್ನು ಎತ್ತಿ ನೋಡಿದರೆ ಅದು ಬಾಲದ ಮೇಲೇ ಒಣಗಿ ಅಂಟಿಕೊಂಡಿತ್ತು. ಅದರ ಮೇಲೆ ಕೆಂಪಗೆ, ಸುರುಳಿಯಾಗಿ, ಏನೋ ಹತ್ತಿಕೊಂಡಿತ್ತು. ಹಾಲಜ್ಜಿ ಅದನ್ನು ಉಗುರಿನಲ್ಲಿ ಬಿಡಿಸಿ ಮೂಗಿನ ಹತ್ತಿರ ಹಿಡಿದಳು.

"ದೇವದಾರು" ಎಂದಳು.

ನಾನು ಯಜಮಾನರ ಕಡೆ ತಿರುಗಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಒಂದೇ ಒಂದು ಹಿಡಿ" ಎಂದರು ಮೆಲ್ಲಗೆ. "ಹಿಂದಿನ ಮೂಲೇಲಿ. ಬಂದೋರಿಗೆ ಒಂಚೂರು ಘಮ ಇರ್ಲಿ ಅಂತ." ಆ ಒಂದು ಹಿಡಿ ಒಣ ಸಿಪ್ಪೆಯೊಳಗೇ ಗುಂಡಕ್ಕ ಬಾಲ ಇಟ್ಟುಕೊಂಡು ಮಲಗಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಬೈಗುಳಕ್ಕೆ ಬರ ಬಂದದ್ದು ಅವತ್ತು ಮಾತ್ರ.

"ಪೊರೆ ಇಡಿಯಾಗಿಲ್ಲ. ಬುಟ್ಟಿ ತರ್ರಪ್ಪ" ಎಂದಳು ಹಾಲಜ್ಜಿ.

ಬುಟ್ಟಿ ಬಂತು. ಯತೀಶ ಇದ್ದಕ್ಕಿದ್ದಂತೆ ಎದ್ದು ನಿಂತು "ನಾನೂ ಅವಳ ಜೊತೆ ಹೋಗ್ತೀನಿ" ಎಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿ ಊರಿನವರೆಲ್ಲ ಬೆಚ್ಚಿಬಿದ್ದರು.

"ನಿಂಗೆ ಬುಟ್ಟಿ ಇಲ್ಲಪ್ಪ, ಕೂತ್ಕೋ" ಎಂದಳು ಅಜ್ಜಿ. "ತ್ರಿವೇಣಿ, ಎತ್ತಮ್ಮ."

ತ್ರಿವೇಣಿ ಗೋಡೆಯ ಕಡೆಯಿಂದ ತಿರುಗಿದಳು. "ಅಜ್ಜಿ, ತೀರ್ಪು ಆಯ್ತಲ್ವಾ? ಇನ್ನು ನಾನು ಹಾಸಿನ ಬಗ್ಗೆ ಮಾತಾಡ್ಬಹುದಾ?"

"ಇನ್ನೇನು, ಮಾತಾಡು."

ಅವಳು ಒಂದು ದೊಡ್ಡ ಉಸಿರು ತೆಗೆದುಕೊಂಡಳು. "ಮಾವ! ದೇವದಾರು ಯಾರಾದ್ರೂ ಹಾಸ್ತಾರಾ? ನುಸಿ ಕೊಲ್ಲೋ ಎಣ್ಣೆ ಇರುತ್ತೆ ಅದ್ರಲ್ಲಿ! ಮೊದಲನೇ ದಿನ ಗುಂಡಕ್ಕ ಪ್ರದಕ್ಷಿಣೆ ಹಾಕ್ಲಿಲ್ಲ, ಹೊರಗೆ ಹೋಗೋಕೆ ಬಾಗಿಲು ಹುಡುಕ್ತಿತ್ತು. ನಾನು ಗೋಡೆ ನೋಡ್ಕೊಂಡು ಒಳಗೊಳಗೇ ಸತ್ತೆ. ಆಮೇಲೆ ಮರಳು! ಯಾರು ಹೇಳಿದ್ದು ಮರಳು ಅಂತ?" ಸರ್ವಮಂಗಳ ಕಿಟಕಿಯಾಚೆ ಏನೋ ನೋಡತೊಡಗಿದಳು. "ಎಲೆ ಸರಿ, ನಾರು ಸರಿ, ಪಾಚಿ ಮಾತ್ರ ಇನ್ನೊಂಚೂರು ಬೇಕಿತ್ತು. ಆ ಹುರುಳಿಕಾಯಿ ಎಳಸಾಗಿರ್ಲಿಲ್ಲ ಅತ್ತೆ, ನಾರು ನಾರಾಗಿತ್ತು, ಬಾಯಿಗೆ ಬಂದಿದ್ದು ಹೇಳಿದೆ. ನನ್ನ ಸೆರಗು ನೋಡಿ, ಏನಾಗಿದೆ!"

ಅಷ್ಟು ಹೇಳಿ, ಸುಧಾರಿಸಿಕೊಂಡು, ಬುಟ್ಟಿಯ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ಎತ್ತಮ್ಮ" ಎಂದಳು ಹಾಲಜ್ಜಿ.

"ಎತ್ತಲ್ಲ."

ಜನರಲ್ಲಿ ಗುಸುಗುಸು ಎದ್ದಿತು. ಬುಟ್ಟಿಯನ್ನು ಹುಡುಗಿಯೇ ಎತ್ತಬೇಕು, ತಂದಿಟ್ಟ ಮೇಲೆ ಬೇರೆಯವರು ಮುಟ್ಟುವ ಹಾಗಿಲ್ಲ. ಎತ್ತಲ್ಲ ಎಂದರೆ ಏನು ಮಾಡಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಇದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಎಲ್ಲರೂ ಹಾಲಜ್ಜಿಯ ಮುಖ ನೋಡಿದರು. ಹಾಲಜ್ಜಿ ತಾನು ನೋಡಲು ಯಾರ ಮುಖವೂ ಇಲ್ಲದೆ ಗುಂಡಕ್ಕನ ಮುಖ ನೋಡಿದಳು.

"ಯಾಕೆ ಎತ್ತಲ್ಲ?" ಎಂದಳು ಕೊನೆಗೆ.

"ನಮ್ಮೂರಲ್ಲಿ ಹೆಂಗಸ್ರು ಬಾಯಿಬಿಟ್ಟು ಹೇಳಿದ್ರೂ ಕೇಳದೇ ಇರೋ ಮನೆಗಳಿದಾವೆ ಅಜ್ಜಿ. ಇಲ್ಲಿ ನಾನು ಬಾಯೇ ಬಿಡ್ಲಿಲ್ಲ. ನಮ್ಮತ್ತೆ ಹಾವಿನ ಮುಖ ನೋಡಿ, ನನ್ನ ಬೆನ್ನು ನೋಡಿ ತಿಳ್ಕೊಂಡ್ರು. ಮಾವ ಅಷ್ಟು ಜಂಬದ ಹಾಸನ್ನ ತಾವೇ ಕೂತು ಬಾಚಿ ತೆಗೆದ್ರು. ಒಂದು ಬೆರಳಿನಷ್ಟು ಪೊರೆ ತಾನೇ? ಉಗುರುಬೆಚ್ಚಗಿನ ನೀರಲ್ಲಿ ಬಾಲ ಅದ್ದಿದ್ರೆ ಬರುತ್ತೆ. ಅದಕ್ಕೆ ತವರಿಗೆ ಯಾಕೆ ಹೋಗ್ಲಿ?"

ನಾನು ಅಳುತ್ತಿದ್ದೆ. ಎಲ್ಲರೆದುರು ಅಳಬಾರದು ಎಂದು ಬಾಯಿಗೆ ಸೆರಗು ಹಿಡಿದುಕೊಂಡೆ, ಪ್ರಯೋಜನವಾಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಸರ್ವಮಂಗಳ ತಲೆ ತಗ್ಗಿಸಿ, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು. ಹಾಲಜ್ಜಿ ಪೊರೆಯನ್ನು ಬಟ್ಟೆಯಲ್ಲಿ ಸುತ್ತಿ, ಇಡಿಯಾಗಿ ಬಂದ ಪೊರೆಯನ್ನು ಇಡುವ ಹಾಗೆಯೇ ನನ್ನ ಮಡಿಲಿಗಿಟ್ಟು, ತನಗೆ ಕಾಲು ಹಿಡಿದಿದೆ, ಯಾರಾದರೂ ಎಬ್ಬಿಸಿ ಎಂದಳು. ಅಷ್ಟೇ ಅವಳು ಹೇಳಿದ್ದು.

ಜನ ಕರಗಿದರು. ತ್ರಿವೇಣಿ ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ, ಒಲೆ ಹೊತ್ತಿಸಿ, ಬಾಲ ಅದ್ದಲು ನೀರಿಟ್ಟಳು. ಯಜಮಾನರು ಪೆಟ್ಟಿಗೆಯ ಹಿಂದಿನ ಮೂಲೆಯಿಂದ ದೇವದಾರು ಸಿಪ್ಪೆಯನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಆಮೇಲೆ ಮೊರ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಆ ಮನುಷ್ಯ ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿ ತಿಳಿದುಕೊಂಡವರಲ್ಲ.

"ಪಾಚಿ ಎಷ್ಟು ತರ್ಲಿ ಮಗಳೇ?" ಎಂದರು.